ಹಂಗಾಮಿನ ಊಟ ಮತ್ತು ನಮ್ಮ ಖಾನಾವಳಿ

ಕಳೆದ ಚಳಿಗಾಲದಲ್ಲಿ ಒಂದು ವಿಚಾರ ಸಂಕಿರಣದ ನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ನನ್ನನ್ನು ಊಟಕ್ಕೆ ಕರೆದೊಯ್ದನು. ಆತ ಶಿರಹಟ್ಟಿಯ ಕಡೆಯ ರೈತರ ಮಗ. ಈಗ ಆ ನಗರದಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ. "ದೊಡ್ಡ ಹೋಟೆಲ್ ಅಲ್ಲರಿ ಸರ್, ಇಪ್ಪತ್ತು ಮಂದಿ ಕೂಡುವಷ್ಟ ಜಾಗಾ. ಆದ್ರ ಆಯಾ ಹಂಗಾಮಿನಾಗ ಬೆಳದದ್ದನ್ನಷ್ಟ ಅಡಿಗಿ ಮಾಡ್ತಾರ" ಎಂದು ದಾರಿಯಲ್ಲಿಯೇ ಹೇಳಿದ್ದನು. ಇಂತಹ ಭೋಜನಗೃಹಕ್ಕೆ 'ಬಿಸ್ಟ್ರೊ' ಎನ್ನುತ್ತಾರಂತೆ. ಮಂದ ಬೆಳಕು, ಬಳಸಿ ನುಣುಪಾದ ಮರದ ಮೇಜುಗಳು, ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಆರೋ ಏಳೋ ಪದಾರ್ಥಗಳ ಹೆಸರು. ಮುಂದಿನ ವಾರ ಅವೇ ಇರುತ್ತವೆಂಬ ಭರವಸೆಯಿಲ್ಲ. ಪಕ್ಕದ ಮೇಜಿನವರ ಮುಂದಿದ್ದ ಗಾಜಿನ ಬಟ್ಟಲಲ್ಲಿ ಕಲಕಿದಂತೆ ಮಬ್ಬಾಗಿದ್ದ ದ್ರಾಕ್ಷಾರಸವಿತ್ತು. ಬಡಿಸಲು ಬಂದ ಹುಡುಗನು, ಅದಕ್ಕೆ ಹೊರಗಿನಿಂದ ಏನನ್ನೂ ಬೆರೆಸಿಲ್ಲವೆಂದೂ, ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಇರುವ ಕಿಣ್ವದಿಂದಲೇ ಅದು ಹುಳಿತು ವೈನ್ ಆಗಿರುವುದೆಂದೂ ಭಕ್ತಿಯಿಂದ ವಿವರಿಸಿದನು. ಗುರುಗಳ ಎದುರು ಕುಡಿಯಲು ನನ್ನ ವಿದ್ಯಾರ್ಥಿ ಒಪ್ಪಲಿಲ್ಲ. ಇಬ್ಬರೂ ನೀರು ಕುಡಿದೆವು.

ಹಲಗೆಯ ಮೂರನೆಯ ಸಾಲಿನ ಪದಾರ್ಥ ಬಂದಾಗ ನಾನು ಬೆರಗಾದೆ. ದೊಡ್ಡದೊಂದು ಬಿಳಿಯ ಪಿಂಗಾಣಿ ತಟ್ಟೆಯ ನಡುವೆ ಒಂದು ಹಿಡಿಯಷ್ಟು ಹಸಿರು ಕಾಳು, ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದದ್ದು, ಅದರ ಮಗ್ಗುಲಲ್ಲಿ ಗಟ್ಟಿ ಮೊಸರು. ಅದು ನಮ್ಮ ಸೀತನಿ! ಹಾಲುಗಟ್ಟಿ ಇನ್ನೂ ಬಲಿಯದ ಜೋಳದ ತೆನೆಯನ್ನು ಹೊಲದ ಬದುವಿನಲ್ಲಿಯೇ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ ಬೆಲ್ಲಗಳ ಜೊತೆಗೆ ತಿನ್ನುವ ಅದೇ ಸೀತನಿ. "ಹೊಲದಾಗ ಇದನ್ನ ತಿಂದು ತಿಂದು ಬ್ಯಾಸರಾಗಿ ಎದ್ದು ಹೋಗತಿದ್ದಿವ್ರಿ ಸರ್" ಎಂದು ಆತ ನಕ್ಕನು. ಇಬ್ಬರ ಊಟಕ್ಕೆ ಆತ ತೆತ್ತ ಹಣ, ನಮ್ಮ ಊರಿನಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಖಾನಾವಳಿಯ ಖರ್ಚಿಗೆ ಹೆಚ್ಚುಕಡಿಮೆ ಸಮನಾಗಿತ್ತು.

ಊಟ ರುಚಿಯಾಗಿತ್ತು, ಅಡಿಗೆಯವರ ಶ್ರದ್ಧೆ ಪ್ರಾಮಾಣಿಕವಾದುದು. ಅದನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಗದಗಿಗೆ ಹಿಂದಿರುಗಿದ ಮರುದಿನ, ನಾನು ವರ್ಷಗಳಿಂದ ಉಣ್ಣುವ ಖಾನಾವಳಿಗೆ ಹೋಗಿ ಕುಳಿತಾಗ, ಅದೇ ಪುಷ್ಯಮಾಸದ ನಡುವೆ, ನನ್ನ ತಾಟಿನಲ್ಲಿ ಆಷಾಢದಲ್ಲಿ ಇದ್ದ ಪದಾರ್ಥಗಳೇ ಇದ್ದವು. ನಗರವು ಹಂಗಾಮಿನ ಊಟವನ್ನು ಕಂಡುಹಿಡಿಯುತ್ತಿರುವ ಹೊತ್ತಿನಲ್ಲಿಯೇ ಅದರ ತವರುಮನೆಯಿಂದ ಅದು ಹೊರಟುಹೋಗುತ್ತಿರುವುದೇಕೆ? ಈ ಪ್ರಶ್ನೆ ನನ್ನನ್ನು ಕಾಡಹತ್ತಿತು.

ಹೊಸ ಹೆಸರು, ಹಳೆಯ ಮನೆ

ಬಿಸ್ಟ್ರೊ ಎಂಬುದು ಮೂಲತಃ ಪ್ಯಾರಿಸಿನ ಬಡಾವಣೆಗಳ ಚಿಕ್ಕ ಊಟದ ಮನೆ. ಗಂಡಹೆಂಡಿರು ಕೂಡಿ ನಡೆಯಿಸುವಂತಹದು; ಅಂದು ಒಲೆಯ ಮೇಲೆ ಏನಿದೆಯೋ ಅದೇ ಅಂದಿನ ಊಟ. ಈಚಿನ ದಶಕಗಳಲ್ಲಿ ಇದಕ್ಕೆ ಹೊಸ ಪ್ರತಿಷ್ಠೆ ಬಂದಿತು. 1971ರಲ್ಲಿ ಅಮೆರಿಕೆಯ ಬರ್ಕ್ಲಿಯಲ್ಲಿ ಆ್ಯಲಿಸ್ ವಾಟರ್ಸ್ ಎಂಬಾಕೆ 'ಷೇ ಪಾನಿಸ್' ಎಂಬ ಭೋಜನಗೃಹವನ್ನು ತೆರೆದು, ಸುತ್ತಣ ರೈತರು ಆಯಾ ಕಾಲದಲ್ಲಿ ಬೆಳೆದುದನ್ನೇ ಬಡಿಸುವ ಪದ್ಧತಿಯನ್ನು ಹೆಸರಿಗೆ ತಂದಳು. 1992ರಲ್ಲಿ ಪ್ಯಾರಿಸಿನಲ್ಲಿ ಇವ್ ಕಾಂದ್‌ಬೋರ್ದ್ ಎಂಬ ಬಾಣಸಿಗನು ದೊಡ್ಡ ಹೋಟೆಲಿನ ಆಡಂಬರವನ್ನು ಬಿಟ್ಟು ಚಿಕ್ಕ ಬಿಸ್ಟ್ರೊ ತೆರೆದು ಜನಪ್ರಿಯನಾದನು. ಸಹಜ ವೈನಿನ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಬೋಜೊಲೆ ಪ್ರಾಂತದ ಜ್ಯೂಲ್ ಶೋವೆ ಎಂಬ ರಸಾಯನಶಾಸ್ತ್ರಜ್ಞನ ವಿಚಾರಗಳನ್ನು ಅನುಸರಿಸಿದ ಕೆಲವು ಬೆಳೆಗಾರರು, ಕಾರಖಾನೆಯ ಕಿಣ್ವ ಹಾಗೂ ಗಂಧಕದ ಲವಣಗಳನ್ನು ಆದಷ್ಟು ದೂರವಿಟ್ಟು ವೈನ್ ತಯಾರಿಸಿದರು. 2020ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೊಂದು ಮಾನ್ಯತೆಯ ನಿಯಮಾವಳಿಯೂ ರೂಪುಗೊಂಡಿತು.

ಈ ಲಕ್ಷಣಗಳನ್ನೆಲ್ಲ ಒಂದೊಂದಾಗಿ ಎಣಿಸುತ್ತ ಹೋದರೆ ನಮ್ಮ ಖಾನಾವಳಿಯ ಲಕ್ಷಣವನ್ನೇ ಹೇಳಿದಂತಾಗುತ್ತದೆ. ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರದ ಪೇಟೆಯಲ್ಲಾಗಲಿ, ಮುಂಡರಗಿಯ ಬಸ್‌ನಿಲ್ದಾಣದ ಆಸುಪಾಸಿನಲ್ಲಾಗಲಿ ಖಾನಾವಳಿ ಎಂದರೆ ಮನೆಯ ಮುಂಭಾಗದ ಒಂದು ಪಡಸಾಲೆ, ಹಿಂದೆ ಅಡಿಗೆಮನೆ, ಒಲೆಯ ಮುಂದೆ ಮನೆಯ ಹೆಣ್ಣುಮಕ್ಕಳು. ಪದಾರ್ಥಗಳ ಪಟ್ಟಿ ಇಲ್ಲ. ಬಂದವನು ಕುಳಿತರೆ ಸಾಕು, ರೊಟ್ಟಿ ಬರುತ್ತದೆ, ಸಾಕೆನ್ನುವವರೆಗೂ ಬರುತ್ತಿರುತ್ತದೆ. ಮರಾಠಿಯಿಂದ ನಮಗೆ ಬಂದ ಈ ಶಬ್ದವು ಇಂದು ಅಚ್ಚಗನ್ನಡದಷ್ಟೇ ನಮ್ಮದಾಗಿದೆ. ಪರಸ್ಥಳದ ವಿದ್ಯಾರ್ಥಿಗಳು, ವರ್ಗವಾಗಿ ಬಂದ ಮಾಸ್ತರರು, ಕೋರ್ಟು ಕಚೇರಿಗಳಿಗೆ ಬಂದ ಹಳ್ಳಿಗರು, ಹತ್ತಿ ಮೆಣಸಿನಕಾಯಿ ಮಾರಲು ಬಂದ ರೈತರು—ಇವರೆಲ್ಲರಿಗೂ ಅದು ಪರಊರಿನ ತಾಯಿಮನೆ. ಬೆಟಗೇರಿಯ ನೇಕಾರ ಓಣಿಗಳ ನಂಟಿರುವ ಸಾವಜಿ ಖಾನಾವಳಿಗಳಲ್ಲಿ ಖಾರವಾದ ಮಾಂಸದ ಅಡಿಗೆಯೂ ಉಂಟು. ಕೆಲವೆಡೆ ಅದರ ಜೊತೆಗೆ ಪಾನವೂ ಉಂಟು. ಆ ಮಾತಿಗೆ ಮುಂದೆ ಬರುತ್ತೇನೆ.

ಸಾಮ್ಯ ಇಷ್ಟಾದರೂ ಒಂದು ಭೇದವನ್ನು ಗಮನಿಸಬೇಕು. ನಗರದ ಬಿಸ್ಟ್ರೊದಲ್ಲಿ ಹಂಗಾಮು ಒಂದು ಆಯ್ಕೆ. ಬೇಕಾದರೆ ಅವರು ಹನ್ನೆರಡು ತಿಂಗಳೂ ಎಲ್ಲವನ್ನೂ ತರಿಸಬಲ್ಲರು, ಬೇಡವೆಂದು ನಿರ್ಧರಿಸಿದ್ದಾರೆ. ನಮ್ಮ ಖಾನಾವಳಿಗೆ ಹಂಗಾಮು ಆಯ್ಕೆಯಾಗಿರಲಿಲ್ಲ. ಹೊಲದಲ್ಲಿ ಇದ್ದುದೇ ಸಂತೆಗೆ ಬರುತ್ತಿತ್ತು. ಸಂತೆಯಲ್ಲಿ ಇದ್ದುದೇ ತಾಟಿಗೆ ಬರುತ್ತಿತ್ತು. ಆದುದರಿಂದ ಹೊಲ ಬದಲಾದ ಕೂಡಲೆ ತಾಟೂ ಬದಲಾಯಿತು.

ತಾಟಿನಲ್ಲಿ ಕಾಣುತ್ತಿದ್ದ ಪಂಚಾಂಗ

ನನ್ನ ಬಾಲ್ಯದ, ವಿದ್ಯಾರ್ಥಿದೆಸೆಯ ನೆನಪಿನಿಂದ ಹೇಳುವುದಾದರೆ, ಊಟದ ತಾಟನ್ನು ನೋಡಿ ತಿಂಗಳನ್ನು ಹೇಳಬಹುದಾಗಿತ್ತು. ಈ ನಾಲ್ಕು ಊರುಗಳ ಸೀಮೆ ಒಂದೇ ತೆರನಾದುದಲ್ಲ. ಗದಗಿನ ಸುತ್ತಮುತ್ತ ಎರೆಯ ಹೊಲಗಳು. ಶಿರಹಟ್ಟಿ ಮುಂಡರಗಿಗಳ ಕಡೆಗೆ, ಕಪ್ಪತಗುಡ್ಡ ಸಮೀಪಿಸಿದಂತೆ, ಮಸಾರಿ ಮಣ್ಣು. ಮುಂಡರಗಿಯ ಆಚೆಗೆ ತುಂಗಭದ್ರೆ. ಮುಂಗಾರಿಯಲ್ಲಿ ಬಿತ್ತಿದ ಹೆಸರು ಶ್ರಾವಣ ಭಾದ್ರಪದದ ಹೊತ್ತಿಗೆ ಮನೆಗೆ ಬರುತ್ತಿತ್ತು. ಆಗ ಖಾನಾವಳಿಯಲ್ಲಿ ಹೊಸ ಹೆಸರುಕಾಳಿನ ಪಲ್ಲೆ. ಮಸಾರಿಯ ಶೇಂಗಾ ಕಿತ್ತ ದಿನಗಳಲ್ಲಿ ಹಸಿ ಶೇಂಗಾ ಕುದಿಸಿ ಉಪ್ಪು ಹಾಕಿ ತಾಟಿನ ಅಂಚಿಗೆ ಇಡುತ್ತಿದ್ದರು. ಶೀಗಿ ಹುಣ್ಣಿಮೆಯ ಹೊತ್ತಿಗೆ ಪುಂಡಿಪಲ್ಲೆ, ಸವತಿಕಾಯಿ.

ಮಾರ್ಗಶಿರ ಪುಷ್ಯಗಳೆಂದರೆ ವರ್ಷದ ಸಿರಿ. ಹಿಂಗಾರಿ ಜೋಳದ ಸಾಲುಗಳ ನಡುವೆ ತಾನಾಗಿ ಹುಟ್ಟುವ ಹಕ್ಕರಕಿ ಸೊಪ್ಪನ್ನು ಹಸಿಯದಾಗಿಯೇ ರೊಟ್ಟಿಯೊಡನೆ ಕಡಿಯುವುದು. ಅದರ ಎಳೆಯ ಕಹಿ, ಮೇಲೆ ಗುರೆಳ್ಳಿನ ಚಟ್ನಿ, ಕೆನೆಮೊಸರು. ಕಡಲೆಯ ಕುಡಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಚಿವುಟಿದ ಆ ಹುಳಿ ಕುಡಿಯೇ ಪಲ್ಲೆಯಾಗುತ್ತದೆ. ಉಳಿದುದನ್ನು ನೆರಳಿನಲ್ಲಿ ಒಣಗಿಸಿ ಬೇಸಗೆಗೆ ಕಟ್ಟಿಡುತ್ತಾರೆ. ಎಳ್ಳ ಅಮಾವಾಸ್ಯೆಯ ದಿನ ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆಗಳನ್ನು ಬಂದವರಿಗೆಲ್ಲ ಬಡಿಸುವುದು. ಅದರ ಹಿಂದುಮುಂದೆಯೇ ಸೀತನಿ. ಸುಗ್ಗಿ ಮುಗಿದು ಬಿಸಿಲೇರಿದರೆ ಒಣಗಿಸಿಟ್ಟ ಕಡಲೆಪಲ್ಲೆ, ಒಣ ಗೋರಿಕಾಯಿ, ಹೊಸ ಹುಣಸೆಯ ತೊಕ್ಕು, ಮಣ್ಣಿನ ಗಡಿಗೆಯಲ್ಲಿ ರಾತ್ರಿ ಹುಳಿತ ಅಂಬಲಿ, ಅದಕ್ಕೆ ಮಜ್ಜಿಗೆ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಲಿಕ ಸೂಚಕದ ಮಾನ್ಯತೆ ದೊರೆತದ್ದು 2011ರಲ್ಲಿ. ಆದರೆ ಹೊಸ ಹಣ್ಣುಗಾಯಿ ಅರೆದು ರಂಜಕ ಮಾಡುವ ದಿನ ಯಾವುದೆಂಬುದನ್ನು ಓಣಿಯಲ್ಲಿ ಏಳುತ್ತಿದ್ದ ಕೆಮ್ಮೇ ಎಂದಿನಿಂದಲೋ ಸಾರುತ್ತಿತ್ತು.

ನಮ್ಮ ಸಾಹಿತ್ಯದಲ್ಲಿ ಪಾಕಶಾಸ್ತ್ರಕ್ಕೆ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಯ ಅಧ್ಯಾಯವಿದೆ. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸನ ಅನ್ನಭೋಗದ ವಿಸ್ತಾರವಾದ ವರ್ಣನೆಯಿದೆ. ಮುಂದೆ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನೇ ಷಟ್ಪದಿಯಲ್ಲಿ ಬರೆದನು. ಆದರೆ ಹಕ್ಕರಕಿಯನ್ನು ಯಾವ ದಿನ ಕೀಳಬೇಕು, ಒಣಗಿಸಿದ ಕಡಲೆಪಲ್ಲೆಗೆ ಎಷ್ಟು ಜೋಳದ ನುಚ್ಚು ಹಾಕಬೇಕು ಎಂಬ ಜ್ಞಾನ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿ ಬಂದುದು. ಕೈ ತಪ್ಪಿದರೆ ಅದನ್ನು ಮತ್ತೆ ತೆಗೆದು ನೋಡಲು ಓಲೆಗರಿ ಇಲ್ಲ.

ಜೋಳವೂ ಕೈಯೂ

ಈಗಿನ ಸ್ಥಿತಿಯನ್ನು ನೋಡೋಣ. ಖಾನಾವಳಿಗಳು ಕಡಿಮೆಯಾಗಿಲ್ಲ; ಹೆದ್ದಾರಿಗಳ ಮಗ್ಗುಲಲ್ಲಿ, ಹುಬ್ಬಳ್ಳಿ ಬೆಂಗಳೂರುಗಳಲ್ಲಿ 'ಉತ್ತರ ಕರ್ನಾಟಕ ಶೈಲಿಯ ಊಟ' ಎಂಬ ಫಲಕಗಳು ಹೆಚ್ಚಿವೆ. ಆದರೆ ತಾಟು ಒಂದೇ ಆಗಿದೆ. ವರ್ಷವಿಡೀ ಬದನೆಕಾಯಿ ಎಣ್ಣೆಗಾಯಿ, ವರ್ಷವಿಡೀ ಮಡಕಿಕಾಳು, ವರ್ಷವಿಡೀ ಅದೇ ಮೂರು ಚಟ್ನಿ. ಬದನೆಕಾಯಿ ಎಲ್ಲ ತಿಂಗಳೂ ಮಾರುಕಟ್ಟೆಗೆ ಬರುವಾಗ ಖಾನಾವಳಿಯವರು ಹಕ್ಕರಕಿಗಾಗಿ ಹೊಲ ಅಲೆಯಬೇಕೆಂದು ನಾವು ಹೇಳಲಾರೆವು. ಗಿರಾಕಿಯೂ ತನ್ನ ನೆನಪಿನಲ್ಲಿರುವ ಆ ಒಂದು ತಾಟನ್ನೇ ಕೇಳುತ್ತಾನೆ. ಒಣ ಪಲ್ಲೆ ಬಡಿಸಿದರೆ ಮುಖ ಗಂಟಿಕ್ಕುತ್ತಾನೆ.

ಇದರ ಹಿಂದೆ ದೊಡ್ಡದೊಂದು ಬದಲಾವಣೆ ಇದೆ. 1960ರ ದಶಕದಲ್ಲಿ ಭಾರತದಲ್ಲಿ ಜೋಳದ ಕ್ಷೇತ್ರವು ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರುಗಳಷ್ಟಿತ್ತು. ಇಂದು ಅದು ಸುಮಾರು 40 ಲಕ್ಷ ಹೆಕ್ಟೇರಿಗೆ ಇಳಿದಿದೆ. ಹಿಂಗಾರಿ ಜೋಳ ವಿಚಿತ್ರವಾದ ಬೆಳೆ. ಮಳೆ ಮುಗಿಯುತ್ತ ಬಂದಾಗ ಬಿತ್ತಿದರೆ, ಎರೆಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡ ತೇವದ ಮೇಲೆ, ಚಳಿಯ ಮಂಜಿನ ಮೇಲೆ ಬೆಳೆದು ನಿಲ್ಲುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ಎತ್ತಿಗೆ. ಎತ್ತಿನ ಬದಲು ಟ್ರ್ಯಾಕ್ಟರ್ ಬಂದಾಗ ಜೋಳ ಬಿತ್ತುವ ಅರ್ಧ ಕಾರಣ ಹೋಯಿತು. ನಿಂತ ಬೆಳೆಯನ್ನು ಕಿತ್ತು, ಸಿವುಡು ಕಟ್ಟಿ, ತೆನೆ ಮುರಿದು, ಒಕ್ಕುವ ದುಡಿಮೆಗೆ ಆಳು ಸಿಗದಾದಾಗ ಇನ್ನರ್ಧ ಕಾರಣವೂ ಸಡಿಲಿತು. ಕಡಲೆ, ಹತ್ತಿ, ಗೋವಿನಜೋಳಗಳಿಗೆ ಸಿದ್ಧ ಮಾರುಕಟ್ಟೆಯಿದೆ. ಮಲಪ್ರಭೆಯ ಕಾಲುವೆ, ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಅಡ್ಡಗಟ್ಟಿದ ಸಿಂಗಟಾಲೂರು ಏತ ನೀರಾವರಿ—ಇಂತಹ ಯೋಜನೆಗಳ ನೀರು ಬಂದ ಕಡೆ ರೈತನು ನೀರಿನ ಬೆಳೆಯತ್ತ ತಿರುಗುವುದು ನ್ಯಾಯವೇ ಆಗಿದೆ. ಒಣಬೇಸಾಯದ ಕಷ್ಟವನ್ನು ಅವನೊಬ್ಬನೇ ಹೊತ್ತು ನಮ್ಮ ನಾಲಗೆಯನ್ನು ಕಾಯಬೇಕೆನ್ನಲು ನಮಗೇನು ಅಧಿಕಾರ? 2013ರಿಂದ ಅನ್ನಭಾಗ್ಯದ ಅಕ್ಕಿ ಬಡವನ ಹಸಿವೆಯನ್ನು ನೀಗಿಸಿದ್ದು ದೊಡ್ಡ ಪುಣ್ಯಕಾರ್ಯ. ಅದರೊಡನೆ ರೊಟ್ಟಿಯುಣ್ಣುವ ಸೀಮೆಯಲ್ಲಿ ಒಂದು ಹೊತ್ತಿನ ರೊಟ್ಟಿಯ ಜಾಗಕ್ಕೆ ಅನ್ನ ಬಂದುದೂ ನಮ್ಮ ಮನೆಗಳಲ್ಲಿ ಕಾಣುವ ಸಂಗತಿ.

ವಿಶ್ವಸಂಸ್ಥೆಯು ಭಾರತದ ಸಲಹೆಯಂತೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಮೇಳಗಳು ನಡೆದವು, ಭಾಷಣಗಳಾದವು. ಕನಕದಾಸರ 'ರಾಮಧಾನ್ಯಚರಿತೆ'ಯನ್ನು ತರಗತಿಯಲ್ಲಿ ಪಾಠ ಹೇಳುವವನಿಗೆ ಇದು ಆನಂದದ ವಿಷಯವಾಗಬೇಕು. ಅಲ್ಲಿ ನರೆದಲೆಗವೆಂಬ ರಾಗಿಗೂ ವ್ರೀಹಿಯೆಂಬ ನೆಲ್ಲಿಗೂ ಹೆಚ್ಚುಗಾರಿಕೆಯ ವಾದ ಹತ್ತುತ್ತದೆ. ಸೆರೆವಾಸದ ಪರೀಕ್ಷೆಯಲ್ಲಿ ಕೆಡದೆ ಉಳಿದ ರಾಗಿಗೆ ಶ್ರೀರಾಮನು ಮನ್ನಣೆ ಕೊಡುತ್ತಾನೆ. ಬಡವರ ಧಾನ್ಯಕ್ಕೆ ಮನ್ನಣೆ ದೊರೆತರೆ ಬಡವರಿಗೇ ಮನ್ನಣೆ ದೊರೆತಂತೆ, ಎಂಬುದು ಆ ಕಥೆಯ ಜೀವ. ಈಗ ಧಾನ್ಯಕ್ಕೆ ಮನ್ನಣೆ ದೊರೆತಿದೆ. ಅದನ್ನು ಬೆಳೆದವನಿಗೆ, ಬಡಿದವಳಿಗೆ ಎಷ್ಟು ದೊರೆತಿದೆ ಎಂಬುದೇ ಪ್ರಶ್ನೆ.

ಬಡಿದವಳೆಂದೆ. ಗೋದಿಯ ಹಿಟ್ಟಿನ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ನೀರು ಹೊಯ್ದು, ಕೈ ಸುಡುವಾಗಲೇ ನಾದಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ತೆಳ್ಳಗೆ ಬಡಿದು, ಹಂಚಿಗೆ ಹಾಕಿ ನೀರು ಸವರಿ, ಕೆಂಡಕ್ಕೆ ಆನಿಸಿ ಉಬ್ಬಿಸಬೇಕು. ಒಂದು ಖಾನಾವಳಿಯಲ್ಲಿ ಒಂದು ಹೊತ್ತಿಗೆ ನೂರಾರು ರೊಟ್ಟಿ. ಯಂತ್ರದ ರೊಟ್ಟಿಯೂ ಬಂದಿದೆ. ಖಡಕ್ ರೊಟ್ಟಿಗೆ ಅದು ಒದಗೀತು, ಬಿಸಿರೊಟ್ಟಿಯ ಮಾತು ಬೇರೆ.

ನಾನು ಉಣ್ಣುವ ಖಾನಾವಳಿಯ ಒಡತಿಯನ್ನು, ಈ ವರ್ಷ ಹಕ್ಕರಕಿ, ಸೀತನಿ ಏಕೆ ಇಲ್ಲವೆಂದು ಕೇಳಿದೆ. ಬೆಂಗಳೂರಿನ ತಟ್ಟೆಯ ಕಥೆಯನ್ನೂ ಹೇಳಿದೆ. ಆಕೆ ಮೊದಲು ನಕ್ಕಳು, ಬಳಿಕ ಹೇಳಿದಳು: "ಜ್ವಾಳಾ ಸಿಗ್ತಾವ್ರಿ ಸರ. ರೊಕ್ಕಾ ಕೊಟ್ರ ಹಕ್ಕರಕಿನೂ ಸಿಗತೈತಿ. ರೊಟ್ಟಿ ಬಡಿಯೋ ಕೈ ಸಿಗವಲ್ಲವು. ಮೊದಲ ನಾಕ ಮಂದಿ ಬರತಿದ್ರು, ಈಗ ಇಬ್ಬರs ಅದೀವಿ. ನನ್ನ ಮಗಳು ನಿಮ್ಮ ಕಾಲೇಜಿನ್ಯಾಗನ ಓದಾಕತ್ತಾಳ. ಈ ಒಲಿ ಮುಂದ ಕುಂದರಬ್ಯಾಡ ಅಂತ ನಾನs ಹೇಳೀನ್ರಿ." ಅಂಗೈಯನ್ನು ತಿರುಗಿಸಿ ತೋರಿಸಿದಳು. ವರ್ಷಗಳ ಕಾವಿಗೆ ಅಲ್ಲಿ ಗೆರೆಗಳು ಅಳಿಸಿಹೋದಂತಿದ್ದವು. "ನಿಮಗ ರೊಟ್ಟಿ ರುಚಿ ರೀ ಅಕ್ಕಾರ ಅನ್ನೋರು ಭಾಳ ಮಂದಿ. ಮೂವತ್ತು ರೂಪಾಯಿ ಹೆಚ್ಚಿಗಿ ಕೇಳಿದ್ರ ಅವರs ಬ್ಯಾರೆ ಕಡೆ ಹೋಗ್ತಾರ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮಗಳು ಹಿಂದಿನ ಬೆಂಚಿನಿಂದ ಎದ್ದು ಬಂದು ಮುಂದಿನ ಬೆಂಚಿನಲ್ಲಿ ಕೂರಲೆಂದು ಬಯಸುವವನು ನಾನು. ಆಕೆ ಪದವಿ ಪಡೆದು ನೌಕರಿ ಹಿಡಿಯಲೆಂದು ಅರ್ಜಿ ತುಂಬಿಸಿಕೊಡುವವನೂ ನಾನೇ. ಅದೇ ನಾನು ಮಧ್ಯಾಹ್ನ ಆಕೆಯ ತಾಯಿಯ ಮುಂದೆ ಕುಳಿತು, ಹಳೆಯ ಊಟ ಹೋಯಿತಲ್ಲಾ ಎಂದು ಹಲುಬುತ್ತೇನೆ. ಹಂಗಾಮಿನ ಊಟದ ಬಗೆಗೆ ಬರೆಯುವ ನಾವೆಲ್ಲರೂ ಬಹುಮಟ್ಟಿಗೆ ಉಣ್ಣುವವರು, ಬಡಿಯುವವರಲ್ಲ. ನಮ್ಮ ಹಂಬಲದ ವೆಚ್ಚವನ್ನು ಇಷ್ಟು ಕಾಲ ಕೊಟ್ಟವರು ಹೆಣ್ಣುಮಕ್ಕಳು. ಈಗ ಅವರು ಕೊಡಲೊಲ್ಲೆವೆನ್ನುತ್ತಿದ್ದಾರೆ, ಅಷ್ಟೆ. ಬೆಂಗಳೂರಿನ ತಟ್ಟೆ ದುಬಾರಿಯೆಂದು ನಾನು ಅಂದು ಅಂದುಕೊಂಡಿದ್ದೆ. ನಮ್ಮ ಖಾನಾವಳಿಯ ತಾಟು ಅಷ್ಟೊಂದು ಅಗ್ಗವಾಗಿದ್ದುದೇಕೆಂದು ಕೇಳಿಕೊಳ್ಳುವುದು ಹೆಚ್ಚು ಯುಕ್ತವೆಂದು ಈಗ ತೋರುತ್ತದೆ.

ಪಾನದ ಮಾತು

ಇನ್ನು ವೈನಿನ ವಿಚಾರ. ಹುಳಿಸುವ ವಿದ್ಯೆ ನಮಗೆ ಹೊಸದಲ್ಲ. ಅಂಬಲಿ, ಮೊಸರು, ದೋಸೆಯ ಹಿಟ್ಟು ಎಲ್ಲವೂ ಕಣ್ಣಿಗೆ ಕಾಣದ ಜೀವಿಗಳ ಕೈವಾಡವೇ. ಈಚಲ ಮರದ ಸಿಂದಿಯೂ ಮಡಕೆಯಲ್ಲಿ ತಾನಾಗಿ ಹುಳಿಯುವಂತಹದೇ. ಯಾರೂ ಅದಕ್ಕೆ ಕಿಣ್ವ ಬೆರೆಸುವುದಿಲ್ಲ. ಆದರೆ ಪಾನೀಯದ ಮಾನವು ಅದರ ಗುಣಕ್ಕಿಂತ ಕುಡಿಯುವವನ ಅಂತಸ್ತಿನಿಂದಲೇ ನಿರ್ಧಾರವಾಗುವುದು ಬಹು ಹಿಂದಿನಿಂದ ನಡೆದುಬಂದ ರೂಢಿ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಶ್ರಾವಕನಿಗೆ ವಿಧಿಸಿದ ಧರ್ಮದಲ್ಲಿ ಹುಟ್ಟಿದ ಪಂಪನೂ ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ಬಣ್ಣಿಸಿದನು. ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡವನು ಆತ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕಾವ್ಯದಲ್ಲಿ ಅಲಂಕಾರವಾದುದು ಓಣಿಯಲ್ಲಿ ದುರ್ವ್ಯಸನ.

ಈಚಿನ ಚರಿತ್ರೆಯಲ್ಲಿಯೂ ಇದೇ ಇಬ್ಬಗೆ ಕಾಣುತ್ತದೆ. 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ ಜಿಲ್ಲೆಗೆ 1949ರ ಮುಂಬಯಿ ಪಾನನಿಷೇಧ ಕಾಯಿದೆ ಅನ್ವಯವಾಗುತ್ತಿತ್ತು; ಗದಗ ಆಗ ಆ ಜಿಲ್ಲೆಯ ಭಾಗ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದಿತು. ಅದೇ 2007ರಲ್ಲಿ ರಾಜ್ಯವು ದ್ರಾಕ್ಷಿ ಬೆಳೆಗಾರರ ಹಿತಕ್ಕಾಗಿ ವೈನ್ ನೀತಿಯನ್ನೂ ಹೊರಡಿಸಿತು. ಎರಡಕ್ಕೂ ಕಾರಣಗಳಿದ್ದವು. ಸಾರಾಯಿ ಎಷ್ಟು ಮನೆಗಳನ್ನು ಮುರಿಯಿತೆಂಬುದನ್ನು ಈ ಸೀಮೆಯ ಯಾವ ತಾಯಿಯನ್ನು ಕೇಳಿದರೂ ಹೇಳಿಯಾಳು. ನಾನು ಅದಕ್ಕಾಗಿ ಕಣ್ಣೀರು ಸುರಿಸುವವನಲ್ಲ. ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ಬೆಳೆಗಾರನಿಗೆ ಬೆಲೆ ಕುಸಿದಾಗ ಒಂದು ದಾರಿ ಬೇಕಾಗಿದ್ದುದೂ ನಿಜ. ಆದರೆ ಸಾರಾಯಿ ಹೋದ ಜಾಗ ಬರಿದಾಗಿ ಉಳಿಯಲಿಲ್ಲ. ಕಾಕಂಬಿಯ ಮದ್ಯಸಾರಕ್ಕೆ ಬಣ್ಣ, ವಾಸನೆ ಕೂಡಿಸಿ ಚಿಕ್ಕ ಪೊಟ್ಟಣಗಳಲ್ಲಿ ತುಂಬಿದ ಅಗ್ಗದ ಮದ್ಯವು ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಕಳ್ಳದಾರಿಯಿಂದ ಬಂದಿತು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಪಾನನಿಷೇಧವನ್ನು ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋದುದನ್ನು ವಾಚಕರು ಮರೆತಿರಲಾರರು. ಒಂದೇ ರಾಜಧಾನಿಯಲ್ಲಿ ಒಂದು ಬೀದಿಗೆ ಆ ಹೆಣ್ಣುಮಕ್ಕಳ ಬೊಬ್ಬೆ ಎದ್ದ ಪಾದಗಳು ಬಂದವು. ಇನ್ನೊಂದು ಬೀದಿಯಲ್ಲಿ ಸಹಜ ವೈನಿನ ಗುಣವಿಮರ್ಶೆ ನಡೆದಿದೆ.

ಸಾವಜಿ ಖಾನಾವಳಿಯ ಮೂಲೆಯಲ್ಲಿ ಕುಳಿತ ನೇಕಾರನಾಗಲಿ ಹಮಾಲನಾಗಲಿ ಕುಡಿಯುವುದು ಈ ಪೊಟ್ಟಣದ ಮದ್ಯವನ್ನೇ. ಅದಕ್ಕೆ ಹಂಗಾಮಿಲ್ಲ, ಊರಿಲ್ಲ, ಬೆಳೆದವನಿಲ್ಲ. ಹೊಟ್ಟೆಗೆ ಹಾಕಿಕೊಳ್ಳುವುದು ಎಲ್ಲಿಂದ ಬಂದಿತೆಂದು ತಿಳಿಯುವ ಹಕ್ಕು ಹಣವಿದ್ದವನಿಗೆ ಮಾತ್ರ ಉಳಿದಿದೆ, ಎಂಬುದೇ ನನಗೆ ಇಲ್ಲಿ ಚಿಂತೆಯ ಸಂಗತಿಯಾಗಿ ತೋರುತ್ತದೆ. ಮದ್ಯಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಊಟದಲ್ಲಿಯಾದರೂ ಈ ಹಕ್ಕು ಎಲ್ಲರದಾಗಿ ಉಳಿಯಬೇಕು.

ಮಾಡಬಹುದಾದುದು

ಹಾಗಾದರೆ ಏನು ಮಾಡಬೇಕು? ನೆನಪಿನ ಮೇಲೆ ಖಾನಾವಳಿ ನಡೆಯದು, ಲೆಕ್ಕ ಸರಿಹೋಗಬೇಕು. 2025-26ನೆಯ ಸಾಲಿಗೆ ಕೇಂದ್ರ ಸರಕಾರವು ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಪಡಿಸಿದೆ. ಬೆಲೆ ಸಾರುವುದರ ಜೊತೆಗೆ ಖಚಿತವಾದ ಕೊಳ್ಳುವವನೂ ಬೇಕು. ನಮ್ಮ ತಾಲೂಕುಗಳಲ್ಲಿಯೇ ಸರಕಾರಿ ವಿದ್ಯಾರ್ಥಿನಿಲಯಗಳಿವೆ, ಆಸ್ಪತ್ರೆಗಳಿವೆ, ದಾಸೋಹ ನಡೆಯಿಸುವ ಮಠಗಳಿವೆ; ಮುಂಡರಗಿಯ ಮಠದ ಹೆಸರಿನಲ್ಲಿಯೇ ಅನ್ನದಾನವಿದೆ. ಇವೆಲ್ಲವೂ ವಾರಕ್ಕೆ ಮೂರು ದಿನ ಸ್ಥಳೀಯ ಜೋಳದ ರೊಟ್ಟಿಯನ್ನು, ಆಯಾ ತಿಂಗಳ ಪಲ್ಲೆಯನ್ನು ಬಡಿಸುವುದಾದರೆ ಎರೆಹೊಲದ ರೈತನಿಗೆ ಒಂದು ಆಸರೆ ದೊರೆತೀತು.

ಗ್ರಾಮೀಣ ಮಹಿಳೆಯರೇ ನಡೆಯಿಸುವ 50 ಭೋಜನಗೃಹಗಳನ್ನು ತೆರೆಯುವುದಾಗಿ ರಾಜ್ಯ ಸರಕಾರವು 2024-25ರ ಆಯವ್ಯಯದಲ್ಲಿ ಘೋಷಿಸಿತು. ಸ್ವಾಗತಾರ್ಹವಾದ ಯೋಜನೆ. ಆದರೆ ಅವುಗಳಿಗೆ ಇಟ್ಟ ಹೆಸರು 'ಕೆಫೆ ಸಂಜೀವಿನಿ'. ಖಾನಾವಳಿ ಎಂಬ ಶಬ್ದ ನಮ್ಮ ನಾಲಗೆಯ ಮೇಲೆಯೇ ಇರುವಾಗ, ಗೌರವ ಬರಬೇಕಾದರೆ ಅದು ಕೆಫೆಯಾಗಬೇಕೆಂದು ನಾವು ಭಾವಿಸುತ್ತೇವೆ. ಹೆಸರಿನ ಈ ಸಂಕೋಚವೇ ಬೆಲೆಯ ಸಂಕೋಚಕ್ಕೂ ಮೂಲ. ಕೆಫೆಯಲ್ಲಿ ಒಂದು ಬಟ್ಟಲು ಕಾಫಿಗೆ ನೂರಾರು ರೂಪಾಯಿ ಕೊಡುವ ನಮ್ಮ ಕೈ, ಖಾನಾವಳಿಯಲ್ಲಿ ಮೂವತ್ತು ರೂಪಾಯಿ ಹೆಚ್ಚಿಗೆ ಕೇಳಿದರೆ ಹಿಂಜರಿಯುತ್ತದೆ.

ಇನ್ನೊಂದು ದಾರಿ ನಮ್ಮ ನೆಲದಲ್ಲಿಯೇ ಹುಟ್ಟಿದುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದ ಸಹಕಾರ ಚಳುವಳಿಯ ಮೊದಲ ಹೆಜ್ಜೆಯೆಂದು ಪ್ರಸಿದ್ಧವಾಗಿದೆ. ಸಾಲಕ್ಕಾಗಿ ಅಂದು ರೈತರು ಕೂಡಿದರು. ರೊಟ್ಟಿಗಾಗಿ ಇಂದು ಜೋಳ ಬೆಳೆಯುವವರೂ ರೊಟ್ಟಿ ಬಡಿಯುವವರೂ ಕೂಡಲಾಗದೆ? ಜೋಳವನ್ನು ಸಂಘವೇ ಸುಗ್ಗಿಯಲ್ಲಿ ಕೊಂಡಿಡಲಿ. ರೊಟ್ಟಿಗೆ ಸಂಘವೇ ದರ ನಿಗದಿ ಮಾಡಲಿ. ಹೊಗೆಯಿಲ್ಲದ ಒಲೆ, ನಾದುವ ಯಂತ್ರ, ಸರದಿಯ ದುಡಿಮೆ, ವಾರದ ರಜೆ, ವೃದ್ಧಾಪ್ಯಕ್ಕೊಂದು ನಿಧಿ—ಇವಿಷ್ಟು ಇದ್ದರೆ ಆ ಕಸುಬಿಗೆ ಮಗಳು ಬರಲಿ ಬಾರದಿರಲಿ, ಬಂದವಳು ನಾಚದೆ ಬಂದಾಳು. ಪದವಿ ಪಡೆದ ಹುಡುಗಿಯೊಬ್ಬಳು ಲೆಕ್ಕ ಬರೆಯಲು, ಖಾನಾವಳಿಯ ಒಡತಿಯಾಗಲು ಮರಳಿದರೆ ಅದು ಸೋಲಲ್ಲ. ಬೇರೆ ದಾರಿಯಿಲ್ಲದೆ ಒಲೆಯ ಮುಂದೆ ಕೂರುವುದು ಬೇರೆ, ತಕ್ಕ ಕೂಲಿಗೆ ತಾನಾಗಿ ಕೂರುವುದು ಬೇರೆ.

ಉಣ್ಣುವವರಾದ ನಮ್ಮ ಪಾಲಿನ ಕೆಲಸವೂ ಇದೆ. ಆಯಾ ತಿಂಗಳಲ್ಲಿ ಬಂದುದನ್ನು ಬಡಿಸಿದರೆ ಗೊಣಗದೆ ಉಣ್ಣುವುದು. ಅದಕ್ಕೆ ಕೇಳಿದ ಬೆಲೆಯನ್ನು ಕೊಡುವುದು. ಇದು ಸಣ್ಣ ಮಾತಿನಂತೆ ಕಂಡರೂ ನಾನು ಬಲ್ಲ ಅಧ್ಯಾಪಕರಲ್ಲಿ, ನನ್ನನ್ನೂ ಕೂಡಿಸಿಕೊಂಡು, ಇದನ್ನು ಮಾಡಿದವರು ಕಡಿಮೆ.

ಎಳ್ಳ ಅಮಾವಾಸ್ಯೆಯ ದಿನ ಅಭ್ಯಾಸಬಲದಿಂದ ನಾನು ಖಾನಾವಳಿಯ ಕಡೆಗೆ ನಡೆದಿದ್ದೆ. ಬಾಗಿಲು ಮುಚ್ಚಿತ್ತು, ಹೊಸ್ತಿಲ ಮೇಲಿನ ರಟ್ಟಿನ ಹಲಗೆಯಲ್ಲಿ 'ಇಂದು ಖಾನಾವಳಿ ಬಂದ್, ಹೊಲಕ್ಕೆ ಹೋಗೀವಿ' ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಅಕ್ಷರ ಪರಿಚಿತವಾದುದು; ಆ ಮಗಳ ಕೈಬರಹವನ್ನು ಉತ್ತರಪತ್ರಿಕೆಗಳಲ್ಲಿ ಕಂಡಿದ್ದೇನೆ. ಅಂದು ಉಪವಾಸವಾದರೂ ಮನಸ್ಸಿಗೆ ಹಿತವೆನಿಸಿತು. ಮರುದಿನ ಊಟಕ್ಕೆ ಕುಳಿತಾಗ ತಾಟಿನ ಅಂಚಿನಲ್ಲಿ ನಾಲ್ಕೆಳೆ ಹಕ್ಕರಕಿ ಇತ್ತು. ಎದ್ದು ಹೋಗುವಾಗ ಮೂವತ್ತು ರೂಪಾಯಿ ಹೆಚ್ಚಿಗೆ ಇಟ್ಟೆ. ಆಕೆ ಎಣಿಸಿ ನೋಡಿ, "ಇದು ಯಾಕ್ರಿ ಸರ?" ಎಂದಳು. ಹಕ್ಕರಕಿ ಹರಿದು ತಂದ ಕೈಯದು, ಎಂದೆ. ಆಕೆ ಬೇಡವೆನ್ನಲಿಲ್ಲ.